ಹಳೆಯ ಇಂಗ್ಲಿಷ್ ನೀತಿಪದ್ಯಗಳ ಮರುಮುದ್ರಣ: ಕೆಲಸ ಗೊತ್ತಿದ್ದವರು ಹೇಳಿ

ಪ್ರಶ್ನೆ: ಇಂಗ್ಲೆಂಡ್‌ನಲ್ಲಿ ಗೆಳೆಯರ ಜೊತೆ ಸೇರಿ ಸಣ್ಣ ಪ್ರಕಾಶನ ಶುರು ಮಾಡಿದ್ದೇನೆ. ಜಾನ್ ಬನ್ಯನ್ 1686ರಲ್ಲಿ ಮಕ್ಕಳಿಗೆಂದು ಬರೆದ ನೀತಿಪದ್ಯಗಳು, ಜಾರ್ಜ್ ವಿದರ್‌ನ 1635ರ ಚಿತ್ರಪದ್ಯಗಳ ಸಂಗ್ರಹ, ಇವೆರಡನ್ನೂ ಇವತ್ತಿನ ಓದುಗರಿಗೆ ಮತ್ತೆ ಅಚ್ಚು ಹಾಕಿಸುವ ಆಸೆ. ಹಳೆಯ ಪುಟಗಳ ಫೋಟೋನೇ ಹಾಕೋಣವೇ, ಹೊಸದಾಗಿ ಟೈಪ್ ಮಾಡಿಸೋಣವೇ?

ಉತ್ತರ: ಅದಕ್ಕೂ ಮೊದಲು ಯಾವ ಮುದ್ರಣ ಅಂತ ತೀರ್ಮಾನಿಸಿ ಸರ್. ಬನ್ಯನ್ ಪುಸ್ತಕದಲ್ಲಿ ಮೊದಲು 74 ಪದ್ಯಗಳಿದ್ದವು. ಅವನು ತೀರಿಕೊಂಡ ಮೇಲೆ ಯಾರೋ ಕತ್ತರಿ ಆಡಿಸಿ 49ಕ್ಕೆ ಇಳಿಸಿದರು. ಆಮೇಲೆ ಚಿತ್ರ ಸೇರಿಸಿದರು, ಹೆಸರನ್ನೂ ಬದಲಾಯಿಸಿದರು. ಸುಲಭವಾಗಿ ಕೈಗೆ ಸಿಗುವುದು ಜಾಸ್ತಿ ಈ ಕತ್ತರಿಸಿದ್ದೇ. ಪೂರ್ತಿ ಪಾಠ ಬೇಕಿದ್ದರೆ, ಬ್ರಿಟಿಷ್ ಮ್ಯೂಸಿಯಂ ಪ್ರತಿ ನೋಡಿ ಎಲಿಯಟ್ ಸ್ಟಾಕ್ ಎಂಬ ಪ್ರಕಾಶಕ 1890ರ ಸುಮಾರಿಗೆ ತಂದ ಯಥಾಪ್ರತಿ (ಹಳೆಯ ಪುಟಗಳನ್ನು ಇದ್ದ ಹಾಗೇ ಅಚ್ಚು ಹಾಕಿದ್ದು) ಹುಡುಕಿ.

ಉತ್ತರ: ನಾನು ಬೆಂಗಳೂರಿನಲ್ಲಿ ಬ್ರಿಟನ್ನಿನ ಪ್ರಕಾಶಕರಿಗೆ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಸ್ಕ್ಯಾನ್ ಮಾಡಿ ಕಂಪ್ಯೂಟರ್ ಕೈಲಿ ಓದಿಸಿದರೆ ಸಾಕು ಅಂದುಕೊಳ್ಳಬೇಡಿ. ಆ ಕಾಲದ ಉದ್ದನೆಯ ‘ಎಸ್’ ಅಕ್ಷರ ನೋಡಲು ‘ಎಫ್’ ಥರಾನೇ ಇರುತ್ತದೆ. ಆತ್ಮ ಅನ್ನುವ ‘ಸೋಲ್’ ಹೋಗಿ ಹೊಲಸು ಅನ್ನುವ ‘ಫೌಲ್’ ಆಗುತ್ತದೆ. ಪಾಪ ಅನ್ನುವ ‘ಸಿನ್’ ಹೋಗಿ ಮೀನಿನ ಈಜುರೆಕ್ಕೆ ಅನ್ನುವ ‘ಫಿನ್’ ಆಗುತ್ತದೆ. ಎರಡೂ ನಿಜವಾದ ಪದಗಳೇ, ಹಾಗಾಗಿ ಸ್ಪೆಲ್‌ಚೆಕ್ ಬಾಯಿ ಬಿಡುವುದಿಲ್ಲ. ನೀತಿಪದ್ಯದಲ್ಲಿ ಸಾಲಿಗೊಂದು ಆತ್ಮ, ಸಾಲಿಗೊಂದು ಪಾಪ! ಟೆಕ್ಸ್ಟ್ ಕ್ರಿಯೇಷನ್ ಪಾರ್ಟ್‌ನರ್‌ಶಿಪ್ ಎಂಬ ಗ್ರಂಥಾಲಯಗಳ ಕೂಟದವರು ಹಳೆಯ ಪುಸ್ತಕಗಳನ್ನು ಕೈಯಲ್ಲೇ ಟೈಪ್ ಮಾಡಿಸಿದ್ದಾರೆ. ಅದರಲ್ಲಿ ಸುಮಾರು 25,000 ಪುಸ್ತಕಗಳ ಪಾಠ 2015ರಿಂದ ಎಲ್ಲರಿಗೂ ಮುಕ್ತ. ಮೊದಲು ಅಲ್ಲಿ ನೋಡಿ, ಆಮೇಲೆ ಮೂಲದ ಜೊತೆ ಸಾಲು ಸಾಲಾಗಿ ತಾಳೆ ಹಾಕಿ.

ವಿದರ್ ವಿಷಯ ಬೇರೆ. ಅವನ ಪುಸ್ತಕದಲ್ಲಿ ಪುಟವೇ ಪದ್ಯ. ಮೇಲೆ ದುಂಡನೆಯ ಚಿತ್ರ, ಕೆಳಗೆ 30 ಸಾಲು. ಚಿತ್ರಗಳು ಅವನು ಮಾಡಿಸಿದ್ದಲ್ಲ. ಕ್ರಿಸ್ಪಿನ್ ದ ಪಾಸ್ ಅದಕ್ಕೂ ಇಪ್ಪತ್ತು ವರ್ಷ ಮೊದಲು ರೊಲೆನ್‌ಹಾಗನ್ ಎಂಬುವನ ಪುಸ್ತಕಕ್ಕೆ ಕೊರೆದ ತಾಮ್ರದ ಫಲಕಗಳು ಅವು. ಸಿಕ್ಕ ಚಿತ್ರಕ್ಕೆ ವಿದರ್ ಪದ್ಯ ಹೊಸೆದ, ಅದೂ ಪುಟಕ್ಕೆ ಸರಿಯಾಗಿ. ಹೊಸದಾಗಿ ಟೈಪ್ ಮಾಡಿಸಿದಾಗ ಎರಡು ಸಾಲು ಮುಂದಿನ ಪುಟಕ್ಕೆ ಜಾರಿದರೂ ಕೆಟ್ಟಿತು. ಇ-ಪುಸ್ತಕದಲ್ಲಂತೂ ಚಿತ್ರ ಒಂದು ಕಡೆ, ಪದ್ಯ ಇನ್ನೊಂದು ಕಡೆ. ಅದಕ್ಕೇ ವಿದರ್‌ಗೆ ಯಥಾಪ್ರತಿ ಮಾಡಿ, ಬನ್ಯನ್‌ಗೆ ಹೊಸ ಟೈಪು. ಗ್ರಂಥಾಲಯದವರ ಹತ್ತಿರ ಚಿತ್ರ ಕೇಳುವಾಗ ಬರೀ ಕಪ್ಪು-ಬಿಳುಪು ಬೇಡ ಅನ್ನಿ, 600 ಡಿಪಿಐ (ಇಂಚಿಗೆ 600 ಚುಕ್ಕಿ) ಬೂದು ಛಾಯೆಯದ್ದು ಬೇಕು. ಇಲ್ಲದಿದ್ದರೆ ಸಣ್ಣ ಗೀರುಗಳು ಕೂಡಿಕೊಂಡು ಮಸಿ ಬಳಿದ ಹಾಗೆ ಕಾಣುತ್ತದೆ. ಮಾರಾಟಕ್ಕೆ ಅಚ್ಚು ಹಾಕಬಹುದೇ ಅಂತ ಬರವಣಿಗೆಯಲ್ಲೇ ಕೇಳಿಕೊಳ್ಳಿ. ಪದ್ಯದ ಹಕ್ಕು ಮುಗಿದು ಎಷ್ಟೋ ಕಾಲವಾದರೂ ಫೋಟೋಗೆ ಅವರ ಷರತ್ತು ಇರುತ್ತದೆ.

ಉತ್ತರ: ಬನ್ಯನ್‌ಗೆ ಸ್ಪೆಲ್ಲಿಂಗ್ ಹೊಸದು ಮಾಡಿ, ಪರವಾಗಿಲ್ಲ. ಪದ ಮಾತ್ರ ಮುಟ್ಟಬೇಡಿ, ಪ್ರಾಸ ಹೋಗುತ್ತದೆ. ಪದದ ನಡುವೆ ಅಕ್ಷರ ನುಂಗಿ ಮೇಲ್ಗೀಟು ಹಾಕಿರುತ್ತಾರಲ್ಲ, ಅದನ್ನು ‘ಸರಿ’ ಮಾಡಿದರೆ ಸಾಲಿಗೆ ಒಂದು ಮಾತ್ರೆ ಜಾಸ್ತಿಯಾಗಿ ಲಯ ಕುಂಟುತ್ತದೆ. ಟಿಪ್ಪಣಿ ಕಡಿಮೆ ಇರಲಿ. ಪಾಠಪುಸ್ತಕ ಅನ್ನಿಸಿದರೆ ಮಕ್ಕಳು ಸುಮ್ನೆ ಮುಚ್ಚಿಡುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ವಿದರ್ ಪುಸ್ತಕದ ಕೊನೆಯಲ್ಲಿ ಎರಡು ಚಕ್ರಗಳಿವೆಯಲ್ಲ, ಅದನ್ನೇನು ಮಾಡೋಣ?

ಉತ್ತರ: ಅಯ್ಯೋ, ಅದನ್ನು ಬಿಡಲೇಬೇಡಿ! ಅದು ಲಾಟರಿ. ಮುಳ್ಳು ತಿರುಗಿಸಿದರೆ ಒಂದು ಚಕ್ರ ಪುಸ್ತಕದ ನಾಲ್ಕು ಭಾಗಗಳಲ್ಲಿ ಯಾವುದು ಅಂತ ಹೇಳುತ್ತದೆ, ಇನ್ನೊಂದು ಸಂಖ್ಯೆ ಕೊಡುತ್ತದೆ. ಭಾಗಕ್ಕೆ 50 ಚಿತ್ರ, ಸಂಖ್ಯೆ ಮಾತ್ರ 56. ಅಂದರೆ ಆರು ಸಲ ಖಾಲಿ. ನೀತಿ ಅಂದರೆ ಮೂಗು ಮುರಿಯುವವರನ್ನೂ ಸೆಳೆಯಲು ಅವನು ಹೂಡಿದ ಆಟ ಅದು. ಪುಸ್ತಕಕ್ಕೆ ಹೊಲಿಯಬೇಡಿ, ಮುಳ್ಳು ಬೇಗ ಕಿತ್ತು ಬರುತ್ತದೆ. ದಪ್ಪ ರಟ್ಟಿನ ಮೇಲೆ ಬೇರೆ ಅಚ್ಚು ಹಾಕಿಸಿ, ಹಿಂದಿನ ರಕ್ಷಾಪುಟದ ಒಳಗೆ ಜೇಬು ಮಾಡಿಸಿ ಇಡಿ. ಬೈಂಡರ್ ಹತ್ತಿರ ಜೇಬಿನ ರೇಟು ಈಗಲೇ ಕೇಳಿ, ಪುಸ್ತಕದ ಬೆಲೆ ಇಟ್ಟಾದ ಮೇಲಲ್ಲ.