ಡಿಕ್ಕಿ ಬಾಗಿಲು ಎದೆಮಟ್ಟಕ್ಕೇ ನಿಲ್ಲುತ್ತದೆ, ಮುಚ್ಚಲು ಹೋದರೆ ಕೂಗಿಕೊಳ್ಳುತ್ತದೆ: ತಿಳಿದವರು ಹೇಳಿ

ಪ್ರಶ್ನೆ: ಆಗುಂಬೆ ರಸ್ತೆ ನರ್ಸರಿ

ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ನರ್ಸರಿ. ಆಂಥೂರಿಯಂ ಕುಂಡಗಳು, ಹಿಪ್ಪಲಿಗೆ ಕಸಿ ಕಟ್ಟಿದ ಕಾಳುಮೆಣಸಿನ ಗಿಡಗಳು. ಅವನ್ನೆಲ್ಲ ಕಾರಿನ ಡಿಕ್ಕಿಯಲ್ಲಿ ಜೋಡಿಸಿಕೊಂಡು ಶಿವಮೊಗ್ಗದ ಅಂಗಡಿಗಳಿಗೆ ನಾನೇ ತಲುಪಿಸುತ್ತೇನೆ. ಕಾರು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿದ್ದವರಿಂದ ಕೊಂಡದ್ದು. ಆಟೊಮ್ಯಾಟಿಕ್ ಗೇರ್, ಮೋಟಾರಿನಿಂದ ತಾನಾಗಿ ಏಳುವ ಡಿಕ್ಕಿ ಬಾಗಿಲು. ಜೊತೆಗೆ ಬರಬೇಕಿದ್ದ ಕೈಪಿಡಿ ಮಾತ್ರ ಬರಲಿಲ್ಲ.

ಈ ಬಾಗಿಲಿಗೆ ಬಟನ್‌ಗಳೇ ಬಟನ್‌ಗಳು. ಚಾಲಕರ ಮೊಣಕಾಲಿನ ಹತ್ತಿರ ಒಂದು, ರಿಮೋಟ್ ಕೀಲಿಯಲ್ಲಿ ಒಂದು, ನಂಬರ್ ಪ್ಲೇಟಿನ ಮೇಲೆ ಬೆರಳು ತೂರಿಸಿದರೆ ಸಿಗುವ ರಬ್ಬರಿನದು ಒಂದು, ಬಾಗಿಲಿನ ಕೆಳ ಅಂಚಿನಲ್ಲಿ ಅಕ್ಕಪಕ್ಕ ಎರಡು. ಇಷ್ಟು ಸಾಲದೆಂದು ಬಂಪರಿನ ಅಡಿಗೆ ಕಾಲು ಚಾಚಿದರೂ ತೆರೆಯಬೇಕಂತೆ. ಯಾವುದು ಯಾವಾಗ ಕೆಲಸ ಮಾಡುತ್ತದೆ ಎನ್ನುವುದೇ ನನಗೆ ಗೊತ್ತಾಗುತ್ತಿಲ್ಲ.

ಅಂಗಡಿಯ ಮುಂದೆ ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಒಳಗಿನ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಮನೆಯ ಅಂಗಳದಲ್ಲಿ ಅದೇ ಬಟನ್ ಕೆಲಸ ಮಾಡುತ್ತದೆ. ತೆರೆದರೂ ಬಾಗಿಲು ನನ್ನ ಎದೆಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಉಳಿದದ್ದನ್ನು ಕೈಯಿಂದ ಎತ್ತಬೇಕು. ಕೆಳ ಅಂಚಿನ ಎಡಗಡೆಯ ಬಟನ್ ಒತ್ತಿದರೆ ಮುಚ್ಚುತ್ತದೆ, ಬಲಗಡೆಯದನ್ನು ಒತ್ತಿದರೆ ಕೂಗಿಕೊಂಡು ಸುಮ್ಮನಾಗುತ್ತದೆ. ಕೆಲವೊಮ್ಮೆ ಮುಚ್ಚುತ್ತಾ ಬಂದು ಇನ್ನೇನು ಕೂತಿತು ಅನ್ನುವಷ್ಟರಲ್ಲಿ ಮತ್ತೆ ಮೇಲೆದ್ದು ಹೋಗುತ್ತದೆ. ಕಾರು ತೊಳೆಯುವಾಗ ಯಾರೂ ಮುಟ್ಟದೆ ತೆರೆದದ್ದೂ ಇದೆ.

ಗಿಡ ಇಳಿಸಲು ಅಮ್ಮ ಹಿಂದೆ ಬಂದು ನಿಲ್ಲುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ. ಬಾಗಿಲು ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಎಂದು ಗೊತ್ತಿಲ್ಲದೆ ಅವರನ್ನು ಅಲ್ಲಿ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಒಂದು ಗ್ಯಾರೇಜಿನಲ್ಲಿ ಕೇಳಿದರೆ ಎರಡೂ ಮೋಟಾರ್ ಬದಲಿಸಬೇಕು ಎಂದರು. ಅಷ್ಟು ಹಣ ಸುರಿಯುವ ಮೊದಲು ಇಲ್ಲಿ ಕೇಳೋಣ ಎನ್ನಿಸಿತು.

ಉತ್ತರ: ಆಟೋ ಎಲೆಕ್ಟ್ರಿಷಿಯನ್, ಸಾಗರ ರಸ್ತೆ, ಶಿವಮೊಗ್ಗ

ಅಕ್ಕಾ, ಮೋಟಾರಿಗೆ ಈಗಲೇ ಕೈ ಹಾಕಿಸಬೇಡಿ. ನೀವು ಬರೆದದ್ದರಲ್ಲಿ ಮೋಟಾರ್ ಸತ್ತಿದೆ ಎನ್ನುವ ಲಕ್ಷಣ ಒಂದೂ ಇಲ್ಲ. ಬಟನ್ ಒತ್ತುವುದು ಬಾಗಿಲಿಗೆ ಆಜ್ಞೆಯಲ್ಲ, ಅರ್ಜಿ. ಗೇರ್ ಎಲ್ಲಿದೆ, ಬಾಗಿಲುಗಳು ಲಾಕ್ ಆಗಿವೆಯೇ, ಕೀಲಿ ಎಲ್ಲಿದೆ, ಬ್ಯಾಟರಿಯಲ್ಲಿ ಕಸುವಿದೆಯೇ ಎಂದೆಲ್ಲ ನೋಡಿದ ಮೇಲೆಯೇ ಅದು ಅಲುಗಾಡುವುದು. ಇದರಲ್ಲಿ ಒಂದು ತಪ್ಪಿದರೂ ಸುಮ್ಮನಿರುತ್ತದೆ, ಇಲ್ಲವೇ ಕೂಗುತ್ತದೆ.

ಎದೆಮಟ್ಟಕ್ಕೆ ನಿಲ್ಲುವುದು ಕೆಟ್ಟಿರುವುದಕ್ಕಲ್ಲ, ಯಾರೋ ಹಾಗೆ ಕಲಿಸಿರುವುದಕ್ಕೆ. ಅಪಾರ್ಟ್‌ಮೆಂಟ್ ಎಂದಿರಲ್ಲ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮೇಲಿನ ಪೈಪಿಗೋ ತೊಲೆಗೋ ಬಾಗಿಲು ತಾಗದಿರಲಿ ಎಂದು ಹಿಂದಿನವರು ಎತ್ತರವನ್ನು ಕಡಿಮೆ ಮಾಡಿ ಇಟ್ಟಿರಬೇಕು. ಬಾಗಿಲನ್ನು ನಿಮಗೆ ಬೇಕಾದಷ್ಟು ಎತ್ತರಕ್ಕೆ ಕೈಯಿಂದ ಎತ್ತಿ, ಅಲ್ಲೇ ನಿಲ್ಲಿಸಿ, ಅಂಚಿನಲ್ಲಿರುವ ಮುಚ್ಚುವ ಬಟನನ್ನು ಬೀಪ್ ಶಬ್ದ ಬರುವವರೆಗೆ ಒತ್ತಿ ಹಿಡಿಯಿರಿ. ಹೆಚ್ಚಿನ ಕಾರುಗಳಲ್ಲಿ ಮೂರು ಸೆಕೆಂಡಿನ ಆಸುಪಾಸು ಸಾಕು. ಮುಂದಿನ ಸಲದಿಂದ ಅಲ್ಲಿಯವರೆಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಇದನ್ನು ಡ್ಯಾಶ್‌ಬೋರ್ಡಿನ ಪರದೆಯ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬೇಕು.

ಅಂಗಡಿಯ ಮುಂದೆ ಒಳಗಿನ ಬಟನ್ ಕೆಲಸ ಮಾಡದಿರುವುದು ನ್ಯೂಟ್ರಲ್‌ನಿಂದ. ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲಿ, ಅಂದರೆ ಪಾರ್ಕಿಂಗ್ ಗೇರಿನಲ್ಲಿ ಇರಬೇಕು; ಹ್ಯಾಂಡ್‌ಬ್ರೇಕ್ ಎಳೆದಿರುವುದನ್ನು ಅದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಒಂದು ಸಲ ಮುಟ್ಟಿ ಬಿಟ್ಟರೂ ಆಗದು, ಒಂದೆರಡು ಕ್ಷಣ ಒತ್ತಿ ಹಿಡಿಯಬೇಕು. ರಿಮೋಟಿನ ಬಟನ್ ಕೂಡ ಹಾಗೆಯೇ. ಜೇಬಿನಲ್ಲಿ ತಾನಾಗಿ ಒತ್ತಿಕೊಂಡರೆ ತೆರೆಯದಿರಲಿ ಎಂದು ಹಾಗೆ ಮಾಡಿರುವುದು.

ಅಂಚಿನ ಎರಡು ಬಟನ್‌ಗಳಲ್ಲಿ ಎಡಗಡೆಯದು ಬರೀ ಮುಚ್ಚುವುದಕ್ಕೆ. ಬಲಗಡೆಯದು ಮುಚ್ಚಿ, ಇಡೀ ಕಾರನ್ನು ಲಾಕ್ ಮಾಡುವುದಕ್ಕೆ. ಯಾವುದಾದರೂ ಬಾಗಿಲು ಸರಿಯಾಗಿ ಹಾಕಿರದಿದ್ದರೆ, ಇಲ್ಲವೇ ಕೀಲಿ ಕಾರಿನೊಳಗೇ ಇದ್ದರೆ ಅದು ಒಪ್ಪುವುದಿಲ್ಲ. ಒಪ್ಪಿದರೆ ಕೀಲಿ ಒಳಗೆ, ನೀವು ಹೊರಗೆ! ನಿಮ್ಮ ಕೀಲಿ ಆಗ ಎಲ್ಲಿರುತ್ತದೆ ಎಂದು ಒಮ್ಮೆ ಗಮನಿಸಿ.

ಮುಚ್ಚುತ್ತಾ ಬಂದು ಮೇಲೇಳುವುದಕ್ಕೆ ಎರಡು ಕಾರಣ ಇರಬಹುದು. ಬಾಗಿಲಿನ ಎರಡೂ ಬದಿಗೆ ಕಪ್ಪು ರಬ್ಬರಿನ ಪಟ್ಟಿ ಇರುತ್ತದೆ, ಏನಾದರೂ ಒತ್ತಿದರೆ ಅದಕ್ಕೆ ಗೊತ್ತಾಗುತ್ತದೆ. ಎರಡನೆಯದು ಮೋಟಾರಿನೊಳಗಿನ ಹಾಲ್ ಸೆನ್ಸರ್, ಅಂದರೆ ಮೋಟಾರ್ ತಿರುಗುವುದನ್ನು ಗಮನಿಸುತ್ತಿರುವ ಸಣ್ಣ ಬಿಡಿಭಾಗ. ತಿರುಗುವ ವೇಗ ತಟ್ಟನೆ ಕುಗ್ಗಿದರೆ ನಡುವೆ ಏನೋ ಸಿಕ್ಕಿದೆ ಎಂದು ತಿಳಿದು ಹಿಂದಕ್ಕೆ ತಿರುಗಿಸುತ್ತದೆ. ಕುಂಡದ ಅಂಚು, ಟಾರ್ಪಾಲಿನ ಹಗ್ಗ, ಲಾಕ್ ಕೊಂಡಿಯ ಸುತ್ತ ಕಟ್ಟಿದ ಕೆಸರು, ಯಾವುದಾದರೂ ಸಾಕು. ಆದರೆ ಬಾಗಿಲು ಪೂರ್ತಿ ಕೂರುವ ಕೊನೆಯ ಗಳಿಗೆಯಲ್ಲಿ ಈ ರಕ್ಷಣೆ ಕೆಲಸ ಮಾಡದೇ ಇರಬಹುದು. ಅಮ್ಮನಿಗೆ ಇದೊಂದನ್ನು ದಯವಿಟ್ಟು ಹೇಳಿ: ಇಳಿಯುತ್ತಿರುವಾಗ ಅಂಚಿಗೆ ಬೆರಳು ಇಡಲೇಬಾರದು.

ತೊಳೆಯುವಾಗ ತೆರೆದದ್ದು ಕಾಲಿನ ಸೆನ್ಸರಿನಿಂದ. ಬಂಪರಿನ ಒಳಗಿರುವ ಅದಕ್ಕೆ ನೀರು ರಭಸವಾಗಿ ಹರಿದರೂ ಕಾಲು ಬಂದಂತೆಯೇ ಕಾಣುತ್ತದೆ. ಆದರೆ ಕೀಲಿ ಹತ್ತಿರದಲ್ಲಿದ್ದರೆ ಮಾತ್ರ ತೆರೆಯುತ್ತದೆ. ತೊಳೆಯುವಾಗ ಕೀಲಿಯನ್ನು ಮನೆಯೊಳಗೆ ಇಟ್ಟು ಬನ್ನಿ. ನಿಮ್ಮ ಊರಿನ ಮಳೆಗೆ, ಕೆಸರಿಗೆ ಆ ಸೆನ್ಸರನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಾರು ಇಳಿಜಾರಿನಲ್ಲಿ ನಿಂತಿದ್ದರೆ ಬಾಗಿಲಿನ ಭಾರ ಬೀಳುವ ಕೋನವೇ ಬೇರೆಯಾಗುತ್ತದೆ. ಪರೀಕ್ಷೆಯನ್ನೆಲ್ಲ ಸಮತಟ್ಟು ಜಾಗದಲ್ಲಿ ಮಾಡಿ.

ಉತ್ತರ: ಹೊಸನಗರದಿಂದ

ಮೇಲಿನವರು ಹೇಳಿದ್ದೆಲ್ಲ ಮಾಡಿದ ಮೇಲೂ ಒಮ್ಮೆ ಆಗಿ ಒಮ್ಮೆ ಆಗದಿದ್ದರೆ ಇದನ್ನೂ ನೋಡಿ. ಡಿಕ್ಕಿ ಬಾಗಿಲಿನ ಮೇಲ್ಗಡೆ, ಕೀಲಿನ ಪಕ್ಕದಲ್ಲಿ, ಛಾವಣಿಯಿಂದ ಬಾಗಿಲಿಗೆ ಒಂದು ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಹೋಗಿರುತ್ತದೆ. ವಯರ್‌ಗಳೆಲ್ಲ ಅದರೊಳಗೆ. ತೆರೆದು ಮುಚ್ಚಿದಾಗಲೆಲ್ಲ ಅವು ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ನಮ್ಮ ಕಾರಿನಲ್ಲಿ ಆ ಕೊಳವೆಯನ್ನು ಹಿಂದಕ್ಕೆ ಸರಿಸಿದಾಗ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟು, ಒಳಗಿನ ತಾಮ್ರದ ಎಳೆಗಳು ಹಸಿರು ಹಿಡಿದು, ಎರಡು ವಯರ್ ಪೂರ್ತಿ ತುಂಡಾಗಿದ್ದವು. ಒಂದು ವಯರಿಗೆ ಎರಡೇ ಎಳೆಗಳ ಆಧಾರ ಉಳಿದಿತ್ತು. ಬಾಗಿಲು ಒಂದು ಕೋನಕ್ಕೆ ಬಂದಾಗ ಅವು ತಾಗುತ್ತಿದ್ದವು, ಇನ್ನೊಂದು ಕೋನದಲ್ಲಿ ಬಿಡುತ್ತಿದ್ದವು.

ಗುರುತು ಏನೆಂದರೆ, ಡಿಕ್ಕಿಯ ಜೊತೆಗೆ ಹಿಂದಿನ ವೈಪರ್, ನಂಬರ್ ಪ್ಲೇಟಿನ ದೀಪ ಅಥವಾ ಹಿಂದಿನ ಕ್ಯಾಮೆರಾ ಕೂಡ ಆಗಾಗ ಕೈ ಕೊಡುತ್ತದೆ. ಅದು ಕಂಡರೆ ಕೊಳವೆ ಬಿಚ್ಚಿಸಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಮಲೆನಾಡಿನ ಮಳೆಗಾಲಕ್ಕೆ ತಡೆಯುವುದಿಲ್ಲ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ವಯರನ್ನು ಬಿಗಿಯಾಗಿ ಅಪ್ಪುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿ. ಬೆಸುಗೆ ಬೀಳುವ ಜಾಗ ಮಡಚುವಲ್ಲಿ ಇರಬಾರದು, ಅದರಿಂದ ಆಚೆಗೆ ಇರಬೇಕು. ಅಡಿಕೆ ಕೊಟ್ಟಿಗೆಯ ಹತ್ತಿರ ಕಾರು ನಿಲ್ಲಿಸುವವರಾದರೆ ಇಲಿ ಕಡಿದಿದೆಯೇ ಎಂದೂ ನೋಡಿಕೊಳ್ಳಿ.

ಉತ್ತರ: ಕೊಪ್ಪದ ಕಾಫಿ ತೋಟ

ಇಷ್ಟೆಲ್ಲ ತಾಪತ್ರಯ ಯಾಕೆ? ಎರಡೂ ಮೋಟಾರ್ ಕಿತ್ತುಹಾಕಿ, ಕೈಯಿಂದ ಎತ್ತಿ ಇಳಿಸಿ.

ಉತ್ತರ: ಆಟೋ ಎಲೆಕ್ಟ್ರಿಷಿಯನ್, ಸಾಗರ ರಸ್ತೆ, ಶಿವಮೊಗ್ಗ

ಕೊಪ್ಪದವರೇ, ಈ ಸಲಹೆ ಅಪಾಯದ್ದು, ದಯವಿಟ್ಟು ಯಾರೂ ಪಾಲಿಸಬೇಡಿ. ಬಾಗಿಲಿನ ಎರಡೂ ಬದಿಯ ಕೋಲುಗಳಲ್ಲಿ ಮೋಟಾರಿನ ಜೊತೆ ಬಲವಾದ ಸ್ಪ್ರಿಂಗ್ ಕೂಡ ಇರುತ್ತದೆ. ಬಾಗಿಲನ್ನು ಎತ್ತಿ ಹಿಡಿದಿರುವುದೇ ಅದು. ಆಧಾರ ಕೊಡದೆ ಬಿಚ್ಚಿದರೆ ಇಡೀ ಬಾಗಿಲು ತಲೆಯ ಮೇಲೆ ಬೀಳುತ್ತದೆ. ಮೋಟಾರ್ ಬೇಡ ಎನ್ನುವವರಿಗೆ ಬೇರೆ ದಾರಿ ಇದೆ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನೊಳಗೆ ಇದಕ್ಕೆಂದೇ ಮುಖ್ಯ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಪರದೆಯಲ್ಲಿ. ಅದನ್ನು ಬಂದ್ ಮಾಡಿದರೆ ಲಾಕ್ ಮಾತ್ರ ಬಿಡುತ್ತದೆ, ಎತ್ತುವುದು ಇಳಿಸುವುದು ನಿಮ್ಮ ಕೈಯಲ್ಲಿ.

ಪ್ರಶ್ನೆ ಕೇಳಿದವರು: ಆಗುಂಬೆ ರಸ್ತೆ ನರ್ಸರಿ

ಅಣ್ಣಾ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ. ಎತ್ತರದ ವಿಷಯ ನೀವು ಹೇಳಿದಂತೆಯೇ ಆಯಿತು. ಬಾಗಿಲನ್ನು ಮೇಲೆತ್ತಿ ಬಟನ್ ಒತ್ತಿ ಹಿಡಿದೆ, ಬೀಪ್ ಎಂದಿತು. ಈಗ ನನ್ನ ತಲೆಯಿಂದ ಒಂದು ಗೇಣು ಮೇಲೆ ಹೋಗಿ ನಿಲ್ಲುತ್ತದೆ. ಅಂಗಡಿಯ ಮುಂದೆ ‘ಪಿ’ಗೆ ಹಾಕಿದರೆ ಒಳಗಿನ ಬಟನ್ ತಕರಾರಿಲ್ಲದೆ ಕೇಳುತ್ತದೆ.

ಬಲಗಡೆಯ ಬಟನ್ ಕೂಗುತ್ತಿದ್ದುದು ಕೀಲಿಗಾಗಿಯೇ. ಗಿಡ ಇಳಿಸುವಾಗ ರಸೀದಿ ಪುಸ್ತಕದ ಚೀಲವನ್ನು ಕುಂಡಗಳ ಪಕ್ಕದಲ್ಲಿ ಇಡುವುದು ರೂಢಿ, ಕೀಲಿ ಇರುವುದು ಅದರೊಳಗೆ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಒತ್ತಿದರೆ ಮುಚ್ಚಿ, ಲಾಕ್ ಆಗಿ, ದೀಪ ಮಿನುಗುತ್ತದೆ.

ಮುಚ್ಚುತ್ತಾ ಬಂದು ಮೇಲೇಳುವುದು ಮಾತ್ರ ಇನ್ನೂ ಅಪರೂಪಕ್ಕೆ ಆಗುತ್ತಿತ್ತು. ಹಗಲು ಬೆಳಕಿನಲ್ಲಿ ನೋಡಿದರೆ ಲಾಕ್ ಕೊಂಡಿಯ ಸುತ್ತ ಕುಂಡಗಳಿಂದ ಉದುರಿದ ತೆಂಗಿನ ನಾರಿನ ಪುಡಿ ಒದ್ದೆಯಾಗಿ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆದೆ, ಆಮೇಲೆ ಆ ತೊಂದರೆ ಕಾಣಿಸಿಲ್ಲ. ಹೊಸನಗರದವರು ಹೇಳಿದ ಕೊಳವೆಯನ್ನೂ ನೋಡಿದೆ, ಬಿರುಕಿಲ್ಲ. ವೈಪರ್, ದೀಪ ಎರಡೂ ಸರಿಯಾಗಿವೆ. ಕಾಲಿನ ಸೆನ್ಸರನ್ನು ಬಂದ್ ಮಾಡಿದ್ದೇನೆ, ಅಮ್ಮನಿಗೆ ಬೆರಳಿನ ವಿಷಯವನ್ನೂ ಹೇಳಿದ್ದೇನೆ.

ಒಂದೇ ಒಂದು ಅನುಮಾನ ಉಳಿದಿದೆ. ಮಳೆಗಾಲದಲ್ಲಿ ನಮ್ಮ ಕಡೆ ದಿನಗಟ್ಟಲೆ ಕಾರು ತೆಗೆಯದೆ ಇರುವುದುಂಟು. ಬ್ಯಾಟರಿ ಪೂರ್ತಿ ಇಳಿದುಹೋದರೆ ಈ ಬಾಗಿಲನ್ನು ತೆರೆಯುವುದು ಹೇಗೆ? ಒಳಗೆ ಗಿಡಗಳಿದ್ದರೆ ಉಸಿರುಗಟ್ಟಿ ಸಾಯುತ್ತವೆ.

ಉತ್ತರ: ಆಟೋ ಎಲೆಕ್ಟ್ರಿಷಿಯನ್, ಸಾಗರ ರಸ್ತೆ, ಶಿವಮೊಗ್ಗ

ಕೀಲಿಯ ಹೊದಿಕೆಯೊಳಗೆ ಲೋಹದ ಸಣ್ಣ ಕೀ ಅಡಗಿರುತ್ತದೆ, ಅದರಿಂದ ಚಾಲಕರ ಬಾಗಿಲು ತೆರೆಯಿರಿ. ಹಿಂದಿನ ಸೀಟು ಮಡಚಿ ಡಿಕ್ಕಿಯೊಳಗೆ ತೂರಿದರೆ, ಬಾಗಿಲಿನ ಒಳಮೈಯಲ್ಲಿ ಕೆಳಗಡೆ, ಲಾಕ್ ಇರುವ ಕಡೆ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಸಿಗಬೇಕು. ಸ್ಕ್ರೂಡ್ರೈವರಿನಿಂದ ಅದನ್ನು ಮೀಟಿ, ಒಳಗಿನ ಸನ್ನೆಯನ್ನು ಪಕ್ಕಕ್ಕೆ ತಳ್ಳಿದರೆ ಲಾಕ್ ಬಿಡುತ್ತದೆ, ಬಾಗಿಲನ್ನು ಹೊರಗೆ ನೂಕಬಹುದು. ಬ್ಯಾಟರಿ ಸರಿಯಿರುವಾಗಲೇ ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ.

ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ಜೋಡಿಸಿದ ಮೇಲೆ ಬಾಗಿಲಿಗೆ ತನ್ನ ಜಾಗ ಮರೆತುಹೋಗಿರಬಹುದು. ಆಗ ಅದನ್ನು ಕೈಯಿಂದಲೇ ಲಾಕ್ ಬೀಳುವವರೆಗೆ ಪೂರ್ತಿ ಮುಚ್ಚಿ, ಆಮೇಲೆ ಬಟನ್‌ನಿಂದ ಒಮ್ಮೆ ಪೂರ್ತಿ ತೆರೆದು ಮುಚ್ಚಿ. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ತುಂಬಿದೆ ಎಂದರ್ಥ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಈ ಮೋಟಾರುಗಳು ಹಟ ಹಿಡಿಯುವುದು ಅಲ್ಲಿಂದ ಮುಂದೆ. ಶಿವಮೊಗ್ಗಕ್ಕೆ ಗಿಡ ತಂದಾಗ ಈ ಕಡೆ ಬನ್ನಿ ಅಕ್ಕಾ, ಬ್ಯಾಟರಿಯನ್ನು ಪರೀಕ್ಷಿಸಿ ಕೊಡುತ್ತೇನೆ.