ಸೀಸನ್ ಪಾಸ್: ಟ್ರಾನ್ಸ್‌ಫರ್ ಬಟನ್ ಒತ್ತಲಿಕ್ಕೇ ಆಗ್ತಿಲ್ಲ, ಮೂರು ಮ್ಯಾಚ್ ಬೇರೆಯವರಿಗೆ ಕೊಡೋದು ಹೇಗೆ?

ಕದ್ರಿಗುಡ್ಡೆ:
ಬೆಂಗಳೂರಿನ ಐಪಿಎಲ್ ಹೋಮ್ ಮ್ಯಾಚ್‌ಗಳ ಪಾಸ್. ಏಳು ಮ್ಯಾಚ್, ತೆರಿಗೆ ಸೇರಿ 14,000 ರೂ. ವಾರದ ನಡುವಿನ ಮೂರಕ್ಕೆ ಮಂಗಳೂರಿನಿಂದ ಹೋಗ್ಲಿಕ್ಕೆ ಆಗುದಿಲ್ಲ. ಆ್ಯಪ್‌ನಲ್ಲಿ ಟ್ರಾನ್ಸ್‌ಫರ್ ಬಟನ್ ಬೂದು ಬಣ್ಣ, ಒತ್ತಿದ್ರೆ ಎಂತದೂ ಆಗುದಿಲ್ಲ. ಕ್ಯೂಆರ್ ಸ್ಕ್ರೀನ್‌ಶಾಟ್ ವಾಟ್ಸ್ಯಾಪ್ ಮಾಡಿದ್ರೆ ನಡೀತದಾ? ದುಡ್ಡು ಕೊಟ್ಟ ಸೀಟು, ಮಾರುವ ಹಕ್ಕು ಇಲ್ವಾ?

ಸಿಲ್ಲಿಪಾಯಿಂಟ್_ಉಡುಪಿ:
ಸ್ಕ್ರೀನ್‌ಶಾಟ್ ಬೇಡ ಮಾರಾಯ್ರೆ. ಕ್ಯೂಆರ್ ತೆರೆದು ಒಂದೆರಡು ನಿಮಿಷ ಸುಮ್ಮನೆ ನೋಡ್ತಾ ಇರಿ. ಚುಕ್ಕಿಗಳು ತಾವಾಗಿಯೇ ಬದಲಾಗ್ತಾ ಇದ್ರೆ ಸ್ಕ್ರೀನ್‌ಶಾಟ್ ಗೇಟಿನವರೆಗೆ ಬಾಳುದಿಲ್ಲ. ಬದಲಾಗದಿದ್ರೆ ಇನ್ನೂ ಕಷ್ಟ. ಒಂದು ಕೋಡ್ ಒಮ್ಮೆ ಮಾತ್ರ ಸ್ಕ್ಯಾನ್ ಆಗ್ತದೆ, ಮೊದಲು ತೋರಿಸಿದವ ಒಳಗೆ, ಎರಡನೆಯವನಿಗೆ ಕೆಂಪು ದೀಪ. ನಿಮ್ಮಿಂದ ತಗೊಂಡವ ಅದನ್ನೇ ಇನ್ನಿಬ್ಬರಿಗೆ ಕಳಿಸಿದ್ರೂ ಗಲಾಟೆ ಬರುದು ನಿಮ್ಮ ಹೆಸರಿಗೆ.

ಬಟನ್ ಬೂದು ಇರ್ಲಿಕ್ಕೆ ಹೆಚ್ಚಾಗಿ ಕಾರಣ ಇಷ್ಟೇ: ಪಾಸ್ ಬಂದಿರ್ತದೆ, ಆಯಾ ಮ್ಯಾಚಿನ ಟಿಕೆಟ್ ಇನ್ನೂ ಬಿಟ್ಟಿರುದಿಲ್ಲ. ಪಾಸಿನ ಪುಟದಲ್ಲಿ ಅಲ್ಲ, ಮ್ಯಾಚಿನ ಪುಟದಲ್ಲಿ ಹೋಗಿ ನೋಡಿ. ಅಲ್ಲಿ ಸ್ಟ್ಯಾಂಡ್, ಸಾಲು, ಸೀಟು ನಂಬರ್ ಬಂದಿದ್ಯಾ? ಇಲ್ಲದಿದ್ರೆ ಕಾಯಬೇಕು. ಬಂದೂ ಬೂದು ಅಂದ್ರೆ ಗಡುವು ಮುಗಿದಿರಬಹುದು, ಅಥವಾ ಅದು ರಿಯಾಯಿತಿ ಇಲ್ಲವೇ ಪ್ರಾಯೋಜಕರ ಕೋಟಾದ ಪಾಸ್ ಆಗಿರಬಹುದು. ಲಾಗೌಟ್ ಮಾಡಿ ಲಾಗಿನ್ ಆಗುದು, ಆ್ಯಪ್ ಅಪ್‌ಡೇಟ್ ಮಾಡುದು ಕೊನೆಗೆ ಸಾಕು.

ಮಲ್ಪೆಗಾಳಿ:
ಹಕ್ಕಿನ ಮಾತು. ನ್ಯೂಯಾರ್ಕ್ ರಾಜ್ಯದಲ್ಲಿ ಇದು ಕಾನೂನಿನಲ್ಲೇ ಉಂಟು: ಸೀಸನ್ ಪಾಸಿನ ಟಿಕೆಟ್ ಮರುಮಾರಾಟ ಮಾಡಬಾರದು ಅಂತ ಷರತ್ತು ಹಾಕುವ ಹಾಗಿಲ್ಲ, ಮಾರಿದ್ದಕ್ಕೆ ಮುಂದಿನ ವರ್ಷದ ಪಾಸ್ ಕೊಡುದಿಲ್ಲ ಅನ್ನುವ ಹಾಗೂ ಇಲ್ಲ. ಇಂಗ್ಲೆಂಡಿನಲ್ಲಿ ತದ್ವಿರುದ್ಧ, ಫುಟ್‌ಬಾಲ್ ಟಿಕೆಟ್ ಅನುಮತಿ ಇಲ್ಲದೆ ಮಾರಿದ್ರೆ 1994ರ ಕಾಯ್ದೆ ಪ್ರಕಾರ ಅಪರಾಧ.

ನಮ್ಮಲ್ಲಿ ಎಲ್ಲ ನಿಂತದ್ದು ಷರತ್ತಿನ ಮೇಲೆ. ಟಿಕೆಟ್ ಅಂದ್ರೆ ಒಳಗೆ ಬರಲಿಕ್ಕೆ ಪರವಾನಗಿ, ವಸ್ತು ಅಲ್ಲ ಅಂತ ಸಂಘಟಕರ ವಾದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೆಕ್ಷನ್ 2(46)ರಲ್ಲಿ 'ಅನ್ಯಾಯದ ಒಪ್ಪಂದ' ಉಂಟು: ಸರಿಯಾದ ಕಾರಣ ಇಲ್ಲದೆ ಏಕಪಕ್ಷೀಯವಾಗಿ ರದ್ದು ಮಾಡುವ ಷರತ್ತೂ ಅದರಲ್ಲಿ ಬರ್ತದೆ. ಅದಕ್ಕೆ ಹೋಗಬೇಕಾದ್ದು ರಾಜ್ಯ ಗ್ರಾಹಕ ಆಯೋಗಕ್ಕೆ, ಮಂಗಳೂರಿನ ಜಿಲ್ಲಾ ಆಯೋಗಕ್ಕೆ ಅಲ್ಲ. ಸೇವೆಯ ಕೊರತೆಯ ದೂರಾದ್ರೆ ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದೊಳಗೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಒಂದು ಮಾತು ನೆನಪಿರಲಿ. ಲಾಭಕ್ಕೆ ಮಾರಿದ್ರೆ 'ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ' ಅಂತ ಆಚೆಯವರು ಹೇಳ್ತಾರೆ, ಆಗ ನಿಮ್ಮ ಕೇಸು ಅಲ್ಲಿಗೇ ಕುಂಟುತ್ತದೆ.

ಕದ್ರಿಗುಡ್ಡೆ:
ಮ್ಯಾಚಿನ ಪುಟದಲ್ಲಿ ನೋಡಿದೆ, ಸೀಟು ನಂಬರ್ ಇನ್ನೂ ಬಂದಿಲ್ಲ. ಅದೇ ಕಾರಣ ಇರಬೇಕು. ಬೆಲೆ ಎಷ್ಟು ಹೇಳುದು?

ಸಿಲ್ಲಿಪಾಯಿಂಟ್_ಉಡುಪಿ:
ಟಿಕೆಟಿನಲ್ಲಿ ಮುದ್ರಿತ ಬೆಲೆ ಇದ್ರೆ ಅದೇ. ಇಲ್ಲದಿದ್ರೆ 14,000 ಭಾಗಿಸು 7, ಅಂದ್ರೆ 2,000. ಇದರ ಮೇಲೆ ಜಿಎಸ್‌ಟಿ ಅಂತ ಇನ್ನೊಮ್ಮೆ ಸೇರಿಸಬೇಡಿ. 22 ಸೆಪ್ಟೆಂಬರ್ 2025ರಿಂದ ಐಪಿಎಲ್ ಟಿಕೆಟಿಗೆ 40 ಶೇಕಡಾ, ನಿಮ್ಮ 14,000ದಲ್ಲಿ 10,000 ಮೂಲಬೆಲೆ, 4,000 ತೆರಿಗೆ ಆಗಲೇ ಕೊಟ್ಟಾಗಿದೆ. ಷರತ್ತಿನಲ್ಲಿ 'ವರ್ಗಾವಣೆ ಮಾತ್ರ, ಮಾರಾಟ ಇಲ್ಲ' ಅಂತ ಇದ್ರೆ ಅಧಿಕೃತ ಮರುಮಾರಾಟದ ಕಿಟಕಿ ಉಂಟಾ ನೋಡಿ, ಇಲ್ಲದಿದ್ರೆ ಮನೆಯವರಿಗೆ, ಸ್ನೇಹಿತರಿಗೆ ಸುಮ್ಮನೆ ಕೊಟ್ಟುಬಿಡುದೇ ಕ್ಷೇಮ.

ಮಧ್ಯಾಹ್ನ 3.30ರ ಮ್ಯಾಚ್ ಆದ್ರೆ ಮಂಗಳೂರಿನವರಿಗೇ ಕೊಡಬಹುದು, ಮುಗಿಸಿ ರಾತ್ರಿ ಬಸ್ ಹಿಡೀಬಹುದು. 7.30ರದ್ದು ಮುಗಿಯುವಾಗ ಹನ್ನೊಂದು ದಾಟ್ತದೆ, ಬೆಂಗಳೂರಿನಲ್ಲೇ ಇರುವವರನ್ನು ಹುಡುಕಿ.

ಪಡುಬಿದ್ರೆ_ಬೌಂಡರಿ:
ಕ್ರಮ ಹೀಗಿರಲಿ: ಮೊದಲು ದುಡ್ಡು ನಿಮ್ಮ ಖಾತೆಗೆ ಬಂದದ್ದು ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಆಮೇಲೆ ಟ್ರಾನ್ಸ್‌ಫರ್. ತಗೊಳ್ಳುವವರು ಅದೇ ಆ್ಯಪ್‌ನಲ್ಲಿ ತಮ್ಮ ಮೊಬೈಲ್ ನಂಬರಿನಿಂದ ಖಾತೆ ತೆರೆದಿರಬೇಕು. ಅವರು ಒಪ್ಪಿಕೊಂಡ ಮೇಲೆ ನಿಮ್ಮ ಫೋನಿನ ಕೋಡ್ ಮಾಯ ಆಗಬೇಕು, ಆಗದಿದ್ರೆ ಕೆಲಸ ಮುಗಿದಿಲ್ಲ. 'ಇದನ್ನು ಸ್ಕ್ಯಾನ್ ಮಾಡಿ, ದುಡ್ಡು ಬರ್ತದೆ' ಅಂದ್ರೆ ಮೋಸ. ದುಡ್ಡು ಪಡೆಯಲಿಕ್ಕೆ ಯುಪಿಐ ಪಿನ್ ಬೇಡವೇ ಬೇಡ. ದುಡ್ಡು ಹೋಯ್ತು ಅಂತಾದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾಸ್ ಆ್ಯಪ್‌ನಲ್ಲಿ ಅಲ್ಲದೆ ಕೈಗೆ ಕಟ್ಟುವ ಬ್ಯಾಂಡ್ ಅಥವಾ ಕಾರ್ಡ್ ಆಗಿದ್ದು, ಅದನ್ನೇ ಕೈಯಿಂದ ಕೈಗೆ ಕೊಡುದಾದ್ರೆ ಏಳೂ ಮ್ಯಾಚ್ ಅದೊಂದರಲ್ಲೇ ಇರ್ತದೆ, ವಾಪಸ್ ಬರುವವರೆಗೆ ಉಳಿದ ಮ್ಯಾಚೂ ಅವರ ಕೈಯಲ್ಲೇ. ಕೊರಿಯರ್‌ಗೆ ಎರಡು ದಿನ ಇಟ್ಟುಕೊಳ್ಳಿ.