ಆನೆ ಪಟಾಕಿ ಸದ್ದಿಗೆ ಅಣ್ಣ ನೆಲಕ್ಕೆ ಬೀಳುತ್ತಾನೆ, ಯಾರಿಗೆ ತೋರಿಸಲಿ?

ಪ್ರಶ್ನೆ (ಸಕಲೇಶಪುರ): ಅಣ್ಣ 1999ರಲ್ಲಿ ಕಾರ್ಗಿಲ್‌ನಲ್ಲಿದ್ದ. ಈಗ ತೋಟ ನೋಡಿಕೊಂಡಿದ್ದಾನೆ. ಆನೆ ಓಡಿಸಲು ಪಟಾಕಿ ಹೊಡೆಯುತ್ತಾರಲ್ಲ, ಆ ಸದ್ದಿಗೆ ಕಾಫಿ ಒಣಗಿಸುವ ಕಣದಲ್ಲೇ ಬೋರಲು ಮಲಗಿಬಿಡುತ್ತಾನೆ. ಆಮೇಲೆ ರಾತ್ರಿಯೆಲ್ಲ ಜಗುಲಿಯಲ್ಲಿ ಕೂತು ಗೇಟ್ ಕಾಯುತ್ತಾನೆ. ಮೊನ್ನೆ, "ನಾನಿಲ್ಲದಿದ್ರೆ ನಿಮಗೇ ನೆಮ್ಮದಿ" ಅಂದ. ಊರವರು ಕುಡಿತ ಅನ್ನುತ್ತಾರೆ. ಅವನು ಕುಡಿಯುವುದೇ ಇಲ್ಲ!

ಉತ್ತರ (ಹಾಸನ, ಮಾಜಿ ಸೈನಿಕ): ಆ ಮಾತನ್ನು ಸುಮ್ನೆ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುವುದಿಲ್ಲ. ಒಬ್ಬನೇ ಇರಲು ಬಿಡಬೇಡಿ. ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ಠಾಣೆಗೆ ಒಪ್ಪಿಸಿ, ಎಲೆಕ್ಷನ್ ಸಮಯದಲ್ಲಿ ಕೊಡುತ್ತೇವಲ್ಲ, ಹಾಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಉತ್ತರ (ಮೂಡಿಗೆರೆ, ನರ್ಸ್): ಪಿಟಿಎಸ್‌ಡಿ (ಭಾರಿ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇರಬಹುದು, ಡಾಕ್ಟರೇ ನೋಡಿ ಹೇಳಬೇಕು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೂ ಕಾಡುತ್ತದೆ. ಮಾತಿನ ಚಿಕಿತ್ಸೆ ಇದೆ, ಮಾತ್ರೆಯೂ ಇದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರ್ ಮಾಡಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. "ಹುಚ್ಚಾಸ್ಪತ್ರೆ" ಅನ್ನುವ ನೆಂಟರಿಗೆ ಮಾತ್ರ ಹೇಳಬೇಡಿ.

ಪ್ರಶ್ನೆ ಕೇಳಿದವರು: ಕೋವಿ ಇದೆ, ಅಪ್ಪನ ಹೆಸರಲ್ಲಿ. ಅಪ್ಪ ಈಗಲೇ ಠಾಣೆಗೆ ಹೊರಟರು. ಅತ್ತಿಗೆ ಅಣ್ಣನ ಜೊತೆ ಇದ್ದಾರೆ. ನಾನು 14416ಕ್ಕೆ ಮಾಡುತ್ತಿದ್ದೇನೆ.